ಅಕೇಡಿಯಾಕ್ಕೆ ಹೋಗಿ, ಕಾರನ್ನು ಮಾತ್ರ ಟೆಂಟ್ ಪಕ್ಕದಲ್ಲೇ ಬಿಡಿ

ಬೇಸಿಗೆ ಶುರುವಾದರೆ ಸಾಕು, ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕ್‌ಗೆ ಹೊರಟವರದ್ದೆಲ್ಲ ಒಂದೇ ಪ್ರಶ್ನೆ: ಪಾರ್ಕಿಂಗ್ ಸಿಗುತ್ತಾ? ಸಿಗಲ್ಲ. ಜುಲೈ, ಆಗಸ್ಟ್‌ನಲ್ಲಿ ಬೆಳಗಿನ ತಿಂಡಿ ಮುಗಿಸಿ ಹೊರಡುವಷ್ಟರಲ್ಲಿ ಜೋರ್ಡನ್ ಪಾಂಡ್ ಅನ್ನೋ ಕೆರೆ ಹತ್ತಿರ ಜಾಗ ತುಂಬಿರುತ್ತದೆ. ಸ್ಯಾಂಡ್ ಬೀಚ್ ಕಡೆ ಒನ್‌ವೇ ರಸ್ತೆಯ ಬಲಗಡೆ ಲೇನ್‌ನಲ್ಲೇ ಸಾಲಾಗಿ ಗಾಡಿ ನಿಂತಿರುತ್ತವೆ. ಸಮುದ್ರ ನೋಡಲು ಬಂದವರು ಮುಂದಿನ ಕಾರಿನ ಬ್ರೇಕ್ ಲೈಟ್ ನೋಡುತ್ತಾ ಕೂತಿರುತ್ತಾರೆ.

ಕಾರಣ ಸರಳ. ಇನ್ನೊಂದು ನ್ಯಾಷನಲ್ ಪಾರ್ಕ್ ಯೆಲ್ಲೋಸ್ಟೋನ್ 22 ಲಕ್ಷ ಎಕರೆ. ಅಕೇಡಿಯಾ 50 ಸಾವಿರ ಎಕರೆಯೂ ಇಲ್ಲ, ಅದರಲ್ಲಿ ಹೆಚ್ಚಿನದು ಮೌಂಟ್ ಡೆಸರ್ಟ್ ಅನ್ನೋ ಒಂದೇ ದ್ವೀಪದಲ್ಲಿದೆ. ವರ್ಷಕ್ಕೆ ಬರುವ ಜನ ಮಾತ್ರ ಎರಡೂ ಕಡೆ ಹೆಚ್ಚೂಕಡಿಮೆ ಅಷ್ಟೇ, 40 ಲಕ್ಷದ ಆಸುಪಾಸು. ಆದ್ದರಿಂದ ಈ ದ್ವೀಪಕ್ಕೆ ಹೋದವರು ಕಾರನ್ನು ಕ್ಯಾಂಪ್‌ಗ್ರೌಂಡ್‌ನಲ್ಲೇ ಬಿಟ್ಟು ತಿರುಗಬೇಕು ಅನ್ನೋದು ನನ್ನ ವಾದ. ಪರಿಸರದ ಪಾಠ ಹೇಳಲು ಬಂದಿಲ್ಲ. ಹಾಗೆ ಮಾಡಿದರೆ ಜಾಸ್ತಿ ಕಾಣುತ್ತದೆ, ಅಷ್ಟೇ.

ತಮಾಷೆ ಅಂದರೆ, ಇದನ್ನು ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡವನು ಎಣ್ಣೆ ದುಡ್ಡಿನ ಮನುಷ್ಯ. ಸ್ಟ್ಯಾಂಡರ್ಡ್ ಆಯಿಲ್ ಅನ್ನೋ ತೈಲ ಕಂಪನಿ ಕಟ್ಟಿದವರ ಮಗ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ 1913ರಿಂದ 1940ರವರೆಗೆ ಇಲ್ಲಿ ಕುದುರೆ ಗಾಡಿಗಳಿಗೆಂದೇ ರಸ್ತೆ ಮಾಡಿಸಿದರು. ಕಾರಿಗೆ ಪ್ರವೇಶವಿಲ್ಲ. ಆ ರಸ್ತೆಗಳಲ್ಲಿ ಸುಮಾರು 45 ಮೈಲಿ ಈಗ ಪಾರ್ಕ್ ಒಳಗಿದೆ. ಇವತ್ತಿಗೂ ಅಲ್ಲಿ ನಡೆಯುವವರು, ಸೈಕಲ್ಲಿನವರು, ಕುದುರೆಯವರು ಮಾತ್ರ. ದೇಶಕ್ಕೆಲ್ಲ ಪೆಟ್ರೋಲ್ ಮಾರಿದ ದುಡ್ಡಿನಲ್ಲಿ ಕಾರಿಲ್ಲದ ರಸ್ತೆ! (ಪಾರ್ಕ್ ಸುತ್ತುವ, ಕಾರು ಓಡುವ ಲೂಪ್ ರೋಡ್‌ಗೂ ಅವರೇ ದುಡ್ಡು ಹಾಕಿದ್ದರು, ಅದನ್ನೂ ಹೇಳಿಬಿಡಬೇಕು.)

ಆ ರಸ್ತೆಗಳನ್ನು ನಿಧಾನವಾಗಿ ನೋಡಬೇಕು. ಅಂಚಿನುದ್ದಕ್ಕೂ ಒರಟು ಗ್ರಾನೈಟ್ ಕಲ್ಲುಗಳನ್ನು ಸ್ವಲ್ಪ ಸ್ವಲ್ಪ ಬಿಟ್ಟು ನಿಲ್ಲಿಸಿದ್ದಾರೆ. ಗಾಡಿ ಕೆಳಗೆ ಜಾರದಿರಲಿ ಅಂತ ಇಟ್ಟ ತಡೆ ಅದು. ಜನ ಅದನ್ನು ರಾಕ್‌ಫೆಲ್ಲರ್ ಹಲ್ಲು ಅಂತ ಕರೆಯುತ್ತಾರೆ. ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ, ಪಾಚಿ ಹಿಡಿದು ಕಾಡಿನದ್ದೇ ಭಾಗವಾಗಿವೆ. ಕಲ್ಲಿನ ಸೇತುವೆಗಳಂತೂ ಪ್ರತಿಯೊಂದೂ ಬೇರೆ ಬೇರೆ ಆಕಾರದವು. ಮೇಲೆ ನಡೆದು ಹೋದರೆ ಏನೂ ಗೊತ್ತಾಗಲ್ಲ. ಪಕ್ಕಕ್ಕೆ ಇಳಿದು ಹಳ್ಳದ ಕಡೆಯಿಂದ ಕಮಾನು ನೋಡಿ. ಏರು ಎಲ್ಲೂ ಕಡಿದಾಗಿಲ್ಲ, ಯಾಕೆಂದರೆ ಕುದುರೆ ಎಳೆಯಬೇಕಿತ್ತಲ್ವಾ.

ಕಾರಿಲ್ಲದೆ ತಿರುಗೋದು ಹೇಗೆ ಅಂದರೆ, ಬಸ್ಸಿದೆ. ಐಲೆಂಡ್ ಎಕ್ಸ್‌ಪ್ಲೋರರ್, 1999ರಿಂದ ಓಡುತ್ತಿದೆ, ಟಿಕೆಟ್ ದುಡ್ಡಿಲ್ಲ. ಜೂನ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಇರುತ್ತದೆ. ಬ್ಲ್ಯಾಕ್‌ವುಡ್ಸ್ ಕ್ಯಾಂಪ್‌ಗ್ರೌಂಡ್‌ಗೇ ಬರುತ್ತದೆ, ಸೈಕಲ್ ಹೇರಲೂ ಜಾಗವಿದೆ. ಎರಡು ಮಕ್ಕಳು, ನಾಲ್ಕು ಬ್ಯಾಗು ಇದ್ದವರಿಗೆ ಕಾಯೋದು ಕಷ್ಟ, ಒಪ್ಪುತ್ತೇನೆ. ಆದರೆ ಪಾರ್ಕಿಂಗ್ ಹುಡುಕುತ್ತಾ ಸುತ್ತೋದು ಸುಖವಾ? ಬಸ್ಸಿನಲ್ಲಿ ಹೋದರೆ ಇನ್ನೊಂದು ಲಾಭವಿದೆ. ಒಂದು ಕಡೆ ಇಳಿದು ನಡೆದು, ಇನ್ನೊಂದು ಕಡೆ ಹತ್ತಬಹುದು. ಕಾರಿಗೋಸ್ಕರ ಹೊರಟಲ್ಲಿಗೇ ವಾಪಸ್ ನಡೆಯಬೇಕಿಲ್ಲ.

ಕ್ಯಾಡಿಲಾಕ್ ಬೆಟ್ಟದ ತುದಿಗೆ ಮಾತ್ರ ಈ ಬಸ್ ಹೋಗುವುದಿಲ್ಲ. ಗಾಡಿಯಲ್ಲಿ ಹೋಗಲು 2021ರಿಂದ ಸೀಸನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ಪ್ರವೇಶದ ಪಾಸ್ ಬೇರೆ, ಇದು ಬೇರೆ. ಬಹಳ ಜನ ಬೈಯುತ್ತಾರೆ, ನಾನು ಬೈಯಲ್ಲ. ಅಲ್ಲಿಗೆ ಎಲ್ಲರೂ ಓಡೋದು ಅಮೆರಿಕದ ಮೊದಲ ಸೂರ್ಯೋದಯ ಅಂತ. ಅದು ನಿಜ, ಆದರೆ ಅಕ್ಟೋಬರ್ 7ರಿಂದ ಮಾರ್ಚ್ 6ರವರೆಗೆ ಮಾತ್ರ. ಜುಲೈನಲ್ಲಿ ಆ ಗೌರವ ಇನ್ನೂ ಉತ್ತರಕ್ಕಿರುವ ಮಾರ್ಸ್ ಹಿಲ್‌ಗೆ ಸೇರಿದ್ದು. 1,530 ಅಡಿ ಮೇಲೆ ಕಂಬಳಿ ಹೊದ್ದು ಫೋನ್ ಎತ್ತಿಕೊಂಡು ನಿಂತವರಲ್ಲಿ ಎಷ್ಟು ಜನರಿಗೆ ಇದು ಗೊತ್ತಿರುತ್ತದೋ! ಎಷ್ಟೋ ಬೆಳಗ್ಗೆ ಮಂಜು ಬೇರೆ.

ನನಗೆ ಕೇಳಿದರೆ ಇಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತದ ಪಟ್ಟಿ ಮುಖ್ಯ. ನೀರು ಸುಮಾರು 10 ಅಡಿ ಏರಿ ಇಳಿಯುತ್ತದೆ. ಬಾರ್ ಹಾರ್ಬರ್ ಊರಿನಿಂದ ಬಾರ್ ಐಲೆಂಡ್‌ಗೆ ಜಲ್ಲಿಕಲ್ಲಿನ ಹಾದಿ ತೆರೆದುಕೊಳ್ಳೋದು ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಮುಳುಗಿಸಿಕೊಂಡವರೂ ಇದ್ದಾರೆ. ಥಂಡರ್ ಹೋಲ್ ಅನ್ನೋ ಕಡಲಂಚಿನ ಬಂಡೆ ಬಿರುಕು ಅಲೆ ಬಡಿದು ಗುಡುಗೋದು ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ. ಬೇರೆ ಹೊತ್ತಿನಲ್ಲಿ ಹೋಗಿ "ಇಷ್ಟೇನಾ" ಅಂತ ರಿವ್ಯೂ ಬರೆಯಬೇಡಿ. ಸ್ಯಾಂಡ್ ಬೀಚಿನಲ್ಲಿ ಈಜೋದು ಎದೆಗಾರಿಕೆ ಇದ್ದವರಿಗೆ, ಬೇಸಿಗೆಯಲ್ಲೂ ನೀರು ಮೈ ಕೊರೆಯುತ್ತದೆ. ಅದರ ಬದಲು ಒಂದು ಚಿಟಿಕೆ ಮರಳು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಬಹುಪಾಲು ಚಿಪ್ಪಿನ ಚೂರು. ನೀಲಿ ಕಾಣುವುದು ಮಸಲ್ ಚಿಪ್ಪು, ಹಸಿರು ಕಡ್ಡಿಯಂಥದ್ದು ಸೀ ಅರ್ಚಿನ್ ಅನ್ನೋ ಕಡಲ ಜೀವಿಯ ಮುಳ್ಳು.

ಕ್ಯಾಂಪಿಂಗ್ ವಿಷಯ ಎರಡೇ ಮಾತು. ಬ್ಲ್ಯಾಕ್‌ವುಡ್ಸ್ ಇರೋದು ಬಾರ್ ಹಾರ್ಬರ್ ಊರಿಗೆ ಹತ್ತಿರ, ಸೀವಾಲ್ ಇರೋದು ಜನ ಕಡಿಮೆ ಇರುವ ಪಶ್ಚಿಮದ ಕಡೆ. ಎರಡೂ ತಿಂಗಳುಗಟ್ಟಲೆ ಮೊದಲೇ ಭರ್ತಿ, ಸುಮ್ನೆ ಹೋಗಿ ಕೇಳಿದರೆ ಜಾಗ ಸಿಗಲ್ಲ. ಒಳಗೆ ಶವರ್ ಇಲ್ಲ, ಹೊರಗೆ ದುಡ್ಡು ಕೊಟ್ಟು ಸ್ನಾನ. ಬೇರೆ ರಾಜ್ಯದಿಂದ ಸೌದೆ ತರುವಂತಿಲ್ಲ, ಅದರ ಜೊತೆ ಮರ ಕೊಲ್ಲುವ ಹುಳು ಬರುತ್ತದೆ. ಅಲ್ಲೇ ಕೊಳ್ಳಿ. ಬೆಂಕಿಯ ಬಗ್ಗೆ ಈ ದ್ವೀಪ ಹುಷಾರಾಗಿರೋದಕ್ಕೆ ಕಾರಣವಿದೆ: 1947ರ ಅಕ್ಟೋಬರ್‌ನಲ್ಲಿ 17 ಸಾವಿರ ಎಕರೆಗೂ ಹೆಚ್ಚು ಸುಟ್ಟುಹೋಯಿತು. ಶರತ್ಕಾಲದಲ್ಲಿ ನಾವು ಫೋಟೋ ತೆಗೆಯುವ ಹಳದಿ ಬರ್ಚ್, ಆಸ್ಪೆನ್ ಎಲೆಗಳಲ್ಲಿ ಬಹಳಷ್ಟು ಆ ಬೂದಿಯಲ್ಲೇ ಹುಟ್ಟಿದ ಕಾಡಿನವು.

2019ರಲ್ಲಿ ಪಾರ್ಕ್ ಮಾಡಿದ ಸಾರಿಗೆ ಯೋಜನೆಯಲ್ಲಿ ಕ್ಯಾಡಿಲಾಕ್ ಜೊತೆ ಕಡಲಂಚಿನ ರಸ್ತೆ ಓಷನ್ ಡ್ರೈವ್‌ಗೂ ಜೋರ್ಡನ್ ಪಾಂಡ್‌ನ ಒಂದು ಪಾರ್ಕಿಂಗ್‌ಗೂ ಬುಕಿಂಗ್ ತರುವ ಮಾತಿತ್ತು. ಶುರು ಮಾಡಿದ್ದು ಕ್ಯಾಡಿಲಾಕ್‌ನಿಂದ. ಉಳಿದವಕ್ಕೂ ತರಲಿ ಅನ್ನೋದೇ ನನ್ನ ಮತ, ಜೊತೆಗೆ ಬಸ್ ಇನ್ನಷ್ಟು ಬೇಗ ಬೇಗ ಬರಲಿ. ದ್ವೀಪವನ್ನಂತೂ ದೊಡ್ಡದು ಮಾಡೋಕಾಗಲ್ಲ. ನಿಮಗೆ ಬೇರೆ ದಾರಿ ಹೊಳೆದರೆ ಕಾಮೆಂಟಲ್ಲಿ ಜಗಳ ಆಡೋಣ.