ದೇವತೆಗಳು ಕುಡಿದು ಉಳಿದದ್ದು

ದ್ರಾಕ್ಷಿಯಿಂದ ಬ್ರಾಂದಿ ಮಾಡುವುದರಲ್ಲಿ ಅಂಥ ಗುಟ್ಟೇನೂ ಇಲ್ಲ. ಹಣ್ಣು ಹಿಂಡಬೇಕು, ಹುದುಗು ಬರಲು ಬಿಡಬೇಕು, ಬಂದ ವೈನನ್ನು ಭಟ್ಟಿ ಇಳಿಸಬೇಕು. ಅಲ್ಲಿಗೆ ಮನುಷ್ಯರ ಕೆಲಸ ಮುಕ್ಕಾಲು ಮುಗಿಯಿತು. ಮಿಕ್ಕದ್ದನ್ನು ಮರ ನೋಡಿಕೊಳ್ಳುತ್ತದೆ, ಅದೂ ಯಾವ ಅವಸರವೂ ಇಲ್ಲದೆ.

ಅರ್ಮೇನಿಯದವರು ಈ ಕೆಲಸಕ್ಕೆ ಬಳಸುವುದು ತಮ್ಮ ನೆಲದ ಬಿಳಿ ದ್ರಾಕ್ಷಿ. ವೊಸ್ಕೆಹಾಟ್, ಮಸ್ಖಾಲಿ, ಗರಾನ್ ದ್ಮಾಕ್, ಕಾಂಗುನ್ ಅಂತ ಅದರಲ್ಲಿ ತಳಿಗಳು. ಅರಾರಾಟ್ ಬಯಲಿನಲ್ಲಿ ಬೇಸಿಗೆ ಬಿಸಿಲು ಧಾರಾಳ, ಹಣ್ಣಿನಲ್ಲಿ ಸಿಹಿಯೂ ಧಾರಾಳ. ಪ್ರಳಯದ ನೀರು ಇಳಿದ ಮೇಲೆ ನೋಹ ದ್ರಾಕ್ಷಿ ತೋಟ ಹಾಕಿ, ವೈನು ಕುಡಿದು ಮೈಮರೆತ ಅಂತ ಬೈಬಲ್ಲಿನಲ್ಲಿದೆ. ಅವನ ಹಡಗು ನಿಂತದ್ದು ಅರಾರಾಟ್ ಬೆಟ್ಟಗಳಲ್ಲಿ ಅಂತಲೂ ಇದೆ. ಹಾಗಾಗಿ ಮೊದಲ ಕುಡುಕ ನಮ್ಮೂರಿನವನೇ ಎಂದು ಅರ್ಮೇನಿಯದವರು ಹೇಳಿಕೊಂಡರೆ ಸುಮ್ನೆ ನಕ್ಕುಬಿಡುವ ಹಾಗಿಲ್ಲ. ಅಲ್ಲಿನ ಅರೆನಿ ಗುಹೆಯಲ್ಲಿ ದ್ರಾಕ್ಷಿ ತುಳಿಯುವ ತೊಟ್ಟಿ, ರಸ ಇಳಿಯುವ ಗುಡಾಣ, ಬೀಜ, ಸಿಪ್ಪೆ ಎಲ್ಲ ಸಿಕ್ಕಿವೆ. ಅವಕ್ಕೆ 6,000 ವರ್ಷಕ್ಕೂ ಜಾಸ್ತಿ ವಯಸ್ಸು.

ಭಟ್ಟಿ ಎರಡು ಸಲ ಇಳಿಸುತ್ತಾರೆ. ದೊಡ್ಡ ತಾಮ್ರದ ಹಂಡೆ, ಮೇಲೆ ಉಬ್ಬಿದ ಮುಚ್ಚಳ, ಅಲ್ಲಿಂದ ಬಾಗಿ ಇಳಿಯುವ ಉದ್ದನೆಯ ಕೊಳವೆ. ಮೊದಲ ಸಲ ಸಿಗುವುದು ಶೇ. 30ರ ಆಸುಪಾಸಿನ ಸರಕು. ಅದನ್ನೇ ಮತ್ತೆ ಹಂಡೆಗೆ ಸುರಿದು ಕಾಯಿಸಿದರೆ ಶೇ. 70ರ ಹತ್ತಿರ ಬರುತ್ತದೆ. ಈ ಎರಡನೇ ಸಲ ಹುಷಾರಾಗಿರಬೇಕು. ಮೊದಮೊದಲು ಹನಿಯುವುದು ಮೂಗಿಗೆ ಚುಚ್ಚುತ್ತದೆ, ಅದನ್ನು ಬೇರೆ ಹಿಡಿಯುತ್ತಾರೆ. ಕೊನೆಗೆ ಬರುವುದಕ್ಕೆ ಕಸುವಿಲ್ಲ, ಅದೂ ಬೇರೆ. ನಡುವಿನದು ಮಾತ್ರ ಪೀಪಾಯಿಗೆ. ಹಾಗೆ ಸಿಕ್ಕಿದ್ದಕ್ಕೆ ಬಣ್ಣವೇ ಇರುವುದಿಲ್ಲ. ಒಂದು ಲೋಟದಲ್ಲಿ ಅದನ್ನೂ ಇನ್ನೊಂದರಲ್ಲಿ ನೀರನ್ನೂ ಇಟ್ಟರೆ, ಮೂಗಿಲ್ಲದವನು ಮೋಸಹೋಗುವುದು ಖಂಡಿತ.

ಬಣ್ಣ ಕೊಡುವುದು ಪೀಪಾಯಿ. ಕಾಕಸಸ್ ಬೆಟ್ಟಗಳ ಹಳೆಯ ಓಕ್ ಮರ ಸೀಳಿ, ಹಲಗೆಗಳನ್ನು ಬಯಲಲ್ಲಿ ಮಳೆಗೂ ಬಿಸಿಲಿಗೂ ಒಡ್ಡಿ ಒಣಗಿಸುತ್ತಾರೆ. ಆಮೇಲೆ ಹಲಗೆಗಳನ್ನು ದುಂಡಗೆ ನಿಲ್ಲಿಸಿ, ಒಂದು ತುದಿಗೆ ಕಬ್ಬಿಣದ ಪಟ್ಟಿ ತೊಡಿಸಿ, ನಡುವೆ ಬೆಂಕಿ ಹಾಕುತ್ತಾರೆ. ಬಿಸಿಗೆ ಮರ ಬಾಗುತ್ತದೆ. ಬಾಗಿದ್ದನ್ನು ನೋಡಿಕೊಂಡು ಇನ್ನೊಂದು ತುದಿಗೂ ಪಟ್ಟಿ ಬಡಿದು ಕೂರಿಸಬೇಕು. ಮೊಳೆಯೂ ಇಲ್ಲ, ಅಂಟೂ ಇಲ್ಲ. ಬೆಂಕಿಗೆ ಒಳಮೈ ತುಸು ಸೀದು ಕೆಂಪಾಗುತ್ತದೆ. ಮುಂದೆ ಬರುವ ಬಣ್ಣ, ಒಗರು, ವೆನಿಲ್ಲಾದಂಥ ಪರಿಮಳ ಎಲ್ಲ ಹುಟ್ಟುವುದು ಆ ಮರದಿಂದ, ಅದರ ಸೀದ ಮೈಯಿಂದ.

ಪೀಪಾಯಿ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಬಾಡಿಗೆ ತೆಗೆದುಕೊಳ್ಳುತ್ತದೆ. ಮರದ ಸಂದಿಯಿಂದ ವರ್ಷಕ್ಕೆ ನೂರಕ್ಕೆ ಎರಡೋ ಮೂರೋ ಪಾಲು ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಅಂತ ಹೆಸರು. ನಷ್ಟವನ್ನು ನೈವೇದ್ಯ ಮಾಡಿಬಿಟ್ಟರೆ ಲೆಕ್ಕ ಬರೆಯುವವನಿಗೂ ಸಮಾಧಾನ, ಅಲ್ವಾ? ಬಾಟಲಿಯ ಮೇಲೆ ಮೂರು ನಕ್ಷತ್ರವಿದ್ದರೆ ಮೂರು ವರ್ಷ, ಐದಿದ್ದರೆ ಐದು. ಅಖ್ತಮಾರ್ ಎಂಬ ಬ್ರಾಂದಿಗೆ 10, ನಾಯಿರಿ ಎಂಬುದಕ್ಕೆ 20. ಇಪ್ಪತ್ತು ವರ್ಷ ದೇವತೆಗಳು ಎಷ್ಟು ಕುಡಿದಿರಬಹುದು ಎಂದು ಲೆಕ್ಕ ಹಾಕಿದರೆ ನಾಯಿರಿಯ ಬೆಲೆ ಯಾಕೆ ಅಷ್ಟು ಎಂಬುದು ಅರ್ಥವಾಗುತ್ತದೆ.

ಕಾರ್ಖಾನೆ ಲೆಕ್ಕದಲ್ಲಿ ಈ ಪರಂಪರೆ ಶುರುವಾದದ್ದು 1887ರಲ್ಲಿ. ಅರ್ಮೇನಿಯದ ಈಗಿನ ರಾಜಧಾನಿ ಯೆರೆವಾನ್‌ನ ವ್ಯಾಪಾರಿ ನೆರ್ಸೆಸ್ ತಾಯಿರ್ಯಾನ್ ಭಟ್ಟಿ ಹೂಡಿದ. 1899ರಲ್ಲಿ ಅದು ರಷ್ಯದ ನಿಕೊಲಾಯ್ ಶುಸ್ತೊವ್ ಕೈಗೆ ಹೋಯಿತು. ಈ ಶುಸ್ತೊವ್ ಆಸಾಮಿ ಬಲು ಚಾಲಾಕಿ. ಮಾಸ್ಕೋದಲ್ಲಿ ತನ್ನ ವೋಡ್ಕಾ ಮಾರಾಟವಾಗಲಿ ಎಂದು ಕಾಲೇಜು ಹುಡುಗರಿಗೆ ಕಾಸು ಕೊಟ್ಟು ಹೆಂಡದಂಗಡಿಗಳಿಗೆ ಕಳಿಸುತ್ತಿದ್ದನಂತೆ. ಹೋದವರು ‘ಶುಸ್ತೊವ್ ಸರಕು ಕೊಡಿ’ ಅನ್ನಬೇಕು. ಇಲ್ಲ ಅಂದರೆ ಅಂಗಡಿಯಲ್ಲಿ ಗಲಾಟೆ ಎಬ್ಬಿಸಬೇಕು. 1900ರ ಪ್ಯಾರಿಸ್ ವಸ್ತುಪ್ರದರ್ಶನದ್ದೂ ಒಂದು ಕಥೆಯಿದೆ. ಹೆಸರು ಮುಚ್ಚಿಟ್ಟು ರುಚಿ ನೋಡಿದ ಫ್ರೆಂಚರು ಶುಸ್ತೊವ್‌ನ ಬ್ರಾಂದಿಯನ್ನೇ ಮೆಚ್ಚಿ, ಆಮೇಲೆ ಗೊತ್ತಾಗಿ ಪೆಚ್ಚಾಗಿ, ‘ಆಗಲಿ, ಕೊನ್ಯಾಕ್ ಅಂತಲೇ ಕರೆದುಕೋ’ ಎಂದರಂತೆ. ಹುಡುಗರಿಗೆ ಕಾಸು ಕೊಟ್ಟವನ ಕಥೆ ಎಂಬುದನ್ನು ನೆನಪಿಟ್ಟುಕೊಂಡು ನಾನು ಇದನ್ನು ಕೇಳುತ್ತೇನೆ.

ಫ್ರೆಂಚರು ನಿಜಕ್ಕೂ ಹಾಗೆ ಅಂದಿದ್ದರೋ ಇಲ್ಲವೋ, ಈಗಂತೂ ಒಪ್ಪುವುದಿಲ್ಲ. ಕೊನ್ಯಾಕ್ ಅವರ ಊರಿನ ಹೆಸರು, ಆ ಕಡೆಯ ಬ್ರಾಂದಿಗೆ ಮಾತ್ರ ಸಲ್ಲಬೇಕಾದದ್ದು. ಯುರೋಪಿಯನ್ ಒಕ್ಕೂಟದ ಜತೆ 2017ರಲ್ಲಿ ಆದ ಒಪ್ಪಂದದಲ್ಲಿ ಅರ್ಮೇನಿಯ ಆ ಹೆಸರನ್ನು ನಿಧಾನಕ್ಕೆ ಬಿಡುತ್ತೇನೆಂದು ಒಪ್ಪಿದೆ. ತಮಾಷೆ ಏನೆಂದರೆ, ಯೆರೆವಾನ್ ಬ್ರಾಂದಿ ಕಂಪನಿಯನ್ನು 1998ರಲ್ಲಿ ಕೊಂಡುಕೊಂಡದ್ದು ಫ್ರಾನ್ಸಿನ ಪೆರ್ನೊ ರಿಕಾರ್. ಅಷ್ಟು ಹೊತ್ತಿಗಾಗಲೇ ತಾಯಿರ್ಯಾನ್ ಹೂಡಿದ ಹಳೆಯ ಕಾರ್ಖಾನೆ ಎರಡು ಪಾಲಾಗಿತ್ತು. 1948ರಲ್ಲಿ ವೈನಿನ ಭಾಗ ಹ್ರಜ್ದಾನ್ ನದಿಯ ಕಮರಿಯ ಈಚೆ ದಡದ ಕೋಟೆ ಜಾಗದಲ್ಲೇ ಉಳಿಯಿತು. ಬ್ರಾಂದಿಯ ಭಾಗ ಆಮೇಲೆ ಆಚೆ ದಡದ ಗುಡ್ಡ ಹತ್ತಿತು. ಇವತ್ತಿಗೂ ಎದುರುಬದುರು ನಿಂತು, ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ, ಮೂಲ ಮನೆ ನಮ್ಮದೇ ಎನ್ನುತ್ತವೆ.

ಕಥೆಗಳ ರಾಜ ಅಂದರೆ ಚರ್ಚಿಲ್ ಕಥೆ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಸ್ಟಾಲಿನ್ ಅವನಿಗೆ ದ್ವಿನ್ ಎಂಬ ಅರ್ಮೇನಿಯದ ಬ್ರಾಂದಿ ಕುಡಿಸಿದನಂತೆ. ದ್ವಿನ್ ಸಾಮಾನ್ಯ ಸರಕಲ್ಲ, ಬೇರೆಯವು 40 ಇದ್ದರೆ ಇದು ಶೇ. 50. ಚರ್ಚಿಲ್‌ಗೆ ಹಿಡಿಸಿತು, ಪೆಟ್ಟಿಗೆ ಪೆಟ್ಟಿಗೆ ಲಂಡನ್ನಿಗೆ ಹೋಗತೊಡಗಿತು. ಒಂದು ದಿನ ಅವನು ‘ರುಚಿ ಕೆಟ್ಟಿದೆ’ ಎಂದು ದೂರಿದ. ವಿಚಾರಿಸಿದರೆ, ಅದನ್ನು ಬೆರೆಸುತ್ತಿದ್ದ ಉಸ್ತಾದ್ ಮಾರ್ಕಾರ್ ಸೆದ್ರಾಕ್ಯಾನ್‌ನನ್ನು ಸೈಬೀರಿಯಕ್ಕೆ ಅಟ್ಟಿದ್ದರು! ಸ್ಟಾಲಿನ್ ಅವನನ್ನು ವಾಪಸ್ ಕರೆಸಿದ, ರುಚಿಯೂ ವಾಪಸ್ ಬಂತು. ಸೆದ್ರಾಕ್ಯಾನ್ ಇದ್ದದ್ದು, ದ್ವಿನ್ ಮಾಡಿದ್ದು ನಿಜ. ಉಳಿದದ್ದನ್ನು ಅಳೆದು ಕುಡಿಯಬೇಕು. ಆ ಕಾಲಕ್ಕೆ ಇಬ್ಬರ ನಡುವೆ ಇದ್ದ ತಕರಾರುಗಳ ಪಟ್ಟಿಯಲ್ಲಿ ಬ್ರಾಂದಿ ಎಷ್ಟನೆಯದೋ! ಪೀಪಾಯಿಯಲ್ಲಿಟ್ಟ ಸರಕು ವರ್ಷ ವರ್ಷ ಕಡಿಮೆಯಾಗುತ್ತದೆ, ಪೀಪಾಯಿಯ ಪಕ್ಕದಲ್ಲಿ ಹೇಳುವ ಕಥೆ ಜಾಸ್ತಿಯಾಗುತ್ತದೆ. ಎರಡಕ್ಕೂ ಹಳೆಯದಾದಷ್ಟೂ ಬೆಲೆ.

ಬೆಳೆಯದ ಕಥೆಯೂ ಒಂದು ಅಲ್ಲಿದೆ. ಬ್ರಾಂದಿ ಕಾರ್ಖಾನೆಯಲ್ಲಿ ‘ಶಾಂತಿ ಪೀಪಾಯಿ’ ಅಂತ ಒಂದನ್ನು ತುಂಬಿಟ್ಟಿದ್ದಾರೆ. ಎರಡು ದೇಶಗಳೂ ಕಿತ್ತಾಡುತ್ತಿದ್ದ ಕರಾಬಾಖ್ ಪ್ರಾಂತ್ಯದ ವಿಷಯದಲ್ಲಿ ಪಕ್ಕದ ಅಜರ್‌ಬೈಜಾನ್ ಜತೆ ರಾಜಿಯಾದ ದಿನ ತೆರೆಯುವುದು ಅಂತ ಇಟ್ಟದ್ದು. 2023ರಲ್ಲಿ ಆ ಕರಾಬಾಖ್‌ನಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ಬಿಟ್ಟು ಬರಬೇಕಾಯಿತು. ಆ ಪೀಪಾಯಿಯ ಮುಂದೆ ಪ್ರವಾಸಿಗರಿಗೆ ಕಥೆ ಹೇಳುವ ಕೆಲಸ ಯಾರಿಗೂ ಬೇಡ.

ನಮ್ಮ ಅಕ್ಕನ ಮಗ ಯೆರೆವಾನ್‌ನಲ್ಲಿ ಮೆಡಿಕಲ್ ಓದುತ್ತಾನೆ. ನಮ್ಮ ದೇಶದಿಂದ ಅಲ್ಲಿಗೆ ಡಾಕ್ಟರಾಗಲು ಹೋಗುವವರು ಬೇಕಾದಷ್ಟಿದ್ದಾರೆ. ರಜೆಗೆ ಬಂದಾಗ ಒಂದು ಅಖ್ತಮಾರ್ ತಂದಿದ್ದ. ನಮ್ಮ ದೊಡ್ಡಮ್ಮನ ಪ್ರಕಾರ ಬ್ರಾಂದಿ ಎಂಬುದು ಬಾಣಂತಿಗೂ ಶೀತಕ್ಕೂ ಚಮಚದಲ್ಲಿ ಕೊಡುವ ಔಷಧ. ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು.

“ಇದು ಕೆಮ್ಮಿಗೆ ಆಗುತ್ತೇನೋ?”

“ಅಜ್ಜಿ, ಇದು ಹತ್ತು ವರ್ಷ ಹಳೇದು.”

“ಅಷ್ಟು ದೂರದಿಂದ ಹಳೇದು ಯಾಕೋ ತಂದೆ, ಹೊಸದು ಸಿಗಲಿಲ್ವಾ?”

ರಾತ್ರಿ ಭಾವ ಬಾಟಲಿ ತೆರೆದರು. ಹುಡುಗ ಚರ್ಚಿಲ್ ಕಥೆ ಶುರು ಮಾಡಿದ. ಮಧ್ಯಾಹ್ನ ನನಗೊಬ್ಬನಿಗೇ ಹೇಳಿದಾಗ ಸರಿಯಾಗೇ ಹೇಳಿದ್ದ. ಈಗ ನೋಡಿದರೆ, ಉಸ್ತಾದನನ್ನು ಕರೆತರಲು ಸ್ಟಾಲಿನ್ನೇ ಖುದ್ದಾಗಿ ಸೈಬೀರಿಯಕ್ಕೆ ಹೊರಟುಬಿಟ್ಟಿದ್ದ.

“ರೈಲಲ್ಲೋ, ವಿಮಾನದಲ್ಲೋ?” ಅಂತ ದೊಡ್ಡಮ್ಮ ಕೇಳಿದರು.