ಹೆಲಿಕಾಪ್ಟರನ್ನು ಕೊನೆಗೆ ಕೊಳ್ಳಿ

ನಾನು ರಿಮೋಟ್ ಹೆಲಿಕಾಪ್ಟರ್ ಹಾರಿಸುವುದನ್ನು ನೋಡಿದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ನಾನೂ ಶುರು ಮಾಡಬೇಕು, ಯಾವ ಹೆಲಿಕಾಪ್ಟರ್ ತಗೊಳ್ಳಲಿ?" ಸದ್ಯಕ್ಕೆ ಯಾವುದನ್ನೂ ತಗೋಬೇಡಿ ಅನ್ನುತ್ತೇನೆ. ಅರ್ಧ ಜನ ನಗುತ್ತಾರೆ. ಉಳಿದವರು ಇವನಿಗೇನೋ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಆದರೆ ನಾನು ಹೇಳುವುದು ಇಷ್ಟೇ: ಮೊದಲು ಒಂದು ಒಳ್ಳೆಯ ಟ್ರಾನ್ಸ್‌ಮಿಟರ್ ಕೊಳ್ಳಿ, ಅಂದರೆ ಎರಡು ಸ್ಟಿಕ್ ಇರುವ, ಕೈಯಲ್ಲಿ ಹಿಡಿದು ಹಾರಿಸುವ ರಿಮೋಟ್. ಆಮೇಲೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆಡಲು ಒಂದು ಸಿಮ್ಯುಲೇಟರ್. ಹೆಲಿಕಾಪ್ಟರ್ ಕೊನೆಗೆ.

ಇದು ನಾನು ದುಡ್ಡು ಕಳೆದುಕೊಂಡು ಕಲಿತ ಪಾಠ. ನನ್ನ ಮೊದಲ ಹೆಲಿ 450 ಸೈಜಿನದು, ಅಂದರೆ ಒಂದೊಂದು ಬ್ಲೇಡೂ ಸುಮಾರು 325 ಮಿಲಿಮೀಟರ್ ಉದ್ದ. ಮೂರು ರಾತ್ರಿ ನಿದ್ದೆಗೆಟ್ಟು ಜೋಡಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಖಾಲಿ ಮೈದಾನಕ್ಕೆ ಒಯ್ದು ನೆಲದ ಮೇಲಿಟ್ಟೆ. ಮೋಟಾರು ವೇಗ ಹಿಡಿಯಿತು. ಹುಲ್ಲು ಸುತ್ತಲೂ ಬಗ್ಗಿತು. ಎಡಗೈ ಹೆಬ್ಬೆರಳಿನಿಂದ ಸ್ಟಿಕ್ಕನ್ನು ಚೂರೇ ಚೂರು ಮೇಲಕ್ಕೆ ತಳ್ಳಿದೆ. ಹೆಲಿ ಒಂದು ಗೇಣು ಎದ್ದಿತು, ಎಡಕ್ಕೆ ಜಾರಿತು, ಕಾಲು ಹುಲ್ಲಿಗೆ ಸಿಕ್ಕಿ ವಾಲಿತು. ಗಾಬರಿಯಲ್ಲಿ ಸ್ಟಿಕ್ಕನ್ನು ಪೂರ್ತಿ ಕೆಳಗೆಳೆದೆ. ಹಾಗೆ ಮಾಡಬಾರದು ಅಂತ ಆಮೇಲೆ ಗೊತ್ತಾಯಿತು. ಈ ಜಾತಿಯ ಹೆಲಿಯಲ್ಲಿ ಸ್ಟಿಕ್ ಪೂರ್ತಿ ಕೆಳಗೆ ಬಂದರೆ ಬ್ಲೇಡುಗಳು ಹೆಲಿಯನ್ನು ಕೆಳಕ್ಕೇ ಒತ್ತುವ ಹಾಗೆ ತಿರುಗಿಸಿಟ್ಟಿರುತ್ತಾರೆ. 'ಟಪ್' ಅಂತ ಒಂದು ಸದ್ದು. ಬ್ಲೇಡು ತನ್ನದೇ ಬಾಲದ ಕೊಳವೆಗೆ ಹೊಡೆದಿತ್ತು. ಎರಡೂ ಬ್ಲೇಡು, ಮೇನ್ ಶಾಫ್ಟು, ಬಾಲದ ಕೊಳವೆ, ದೊಡ್ಡ ಗೇರಿನ ಒಂದಷ್ಟು ಹಲ್ಲು, ಎಲ್ಲ ಹೋಯಿತು. ಮೂರು ರಾತ್ರಿಯ ಕೆಲಸ ಮುಗಿಯಲು ಹತ್ತು ಸೆಕೆಂಡು ಕೂಡ ಬೇಕಾಗಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಆ ಅಗಸ ನಾನೇ.

ಡ್ರೋನ್ ಹಾರಿಸಿ ಬಂದವರಿಗೆ ಈ ಹೊಡೆತ ಇನ್ನೂ ಜಾಸ್ತಿ. ಕ್ಯಾಮೆರಾ ಡ್ರೋನಿನಲ್ಲಿ ಸ್ಟಿಕ್ ಬಿಟ್ಟರೆ ಅದು ಜಿಪಿಎಸ್ ನೋಡಿಕೊಂಡು ಇದ್ದಲ್ಲೇ ನಿಲ್ಲುತ್ತದೆ. ಸಾಮಾನ್ಯ ಹೆಲಿಗೆ ಆ ಬುದ್ಧಿ ಇಲ್ಲ. ನೀವು ಸುಮ್ನೆ ಇದ್ದರೆ ಅದು ಸುಮ್ಮನಿರುವುದಿಲ್ಲ. ಅಂಗೈ ಮೇಲೆ ಉದ್ದದ ಕೋಲು ನಿಲ್ಲಿಸಿ ನೋಡಿದ್ದೀರಾ? ಕೋಲು ನಿಂತಂತೆ ಕಂಡರೂ ಕೈ ಒಂದು ಕ್ಷಣವೂ ನಿಂತಿರುವುದಿಲ್ಲ. ಹೋವರ್, ಅಂದರೆ ಹೆಲಿಯನ್ನು ಗಾಳಿಯಲ್ಲಿ ಇದ್ದಲ್ಲೇ ನಿಲ್ಲಿಸುವುದು, ಹೀಗೇ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತದೆ. ಮೇಲೆತ್ತಲು ಬ್ಲೇಡಿನ ಕೋನ ಹೆಚ್ಚಿಸಿದರೆ ಹೆಲಿಯ ಮೈ ರೋಟರಿನ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದ ರೋಟರ್ ತಳ್ಳಬೇಕು. ಬಾಲ ತಳ್ಳಿದರೆ ಇಡೀ ಹೆಲಿ ಪಕ್ಕಕ್ಕೆ ಸರಿಯುತ್ತದೆ. ಸರಿಯದಂತೆ ಹಿಡಿಯಲು ಚೂರು ವಾಲಿಸಬೇಕು. ಹಾಗಾಗಿ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ರೋಟರ್ ತಿರುಗುವ ಹೆಲಿ ಸರಿಯಾಗಿ ಹೋವರ್ ಮಾಡುವಾಗ ಬಲಕ್ಕೆ ಸ್ವಲ್ಪ ವಾಲಿಯೇ ಇರುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಎಲ್ಲೋ ಸೊಟ್ಟ ಜೋಡಿಸಿದ್ದೇನೆ ಅಂತ ವಾಲುವುದನ್ನು ಸರಿಪಡಿಸುವ ಟ್ರಿಮ್ ಗುಂಡಿಯನ್ನು ಎರಡು ದಿನ ತಿರುವಿದ್ದೇ ತಿರುವಿದ್ದು!

ಇದರಲ್ಲಿ ಬಾಲ ಹಿಡಿಯುವ ಕೆಲಸವನ್ನು ಈಗ ಗೈರೋ, ಅಂದರೆ ಹೆಲಿ ತಿರುಗುವುದನ್ನು ಗುರುತಿಸುವ ಸಣ್ಣ ಸಾಧನ, ನೋಡಿಕೊಳ್ಳುತ್ತದೆ. ಜರ್ಮನಿಯ ಡೀಟರ್ ಶ್ಲೂಟರ್ 1970ರ ಸುಮಾರಿಗೆ ರೇಡಿಯೊ ಹೆಲಿಕಾಪ್ಟರನ್ನು ಹಿಡಿತದಲ್ಲಿ ಹಾರಿಸಿ ತೋರಿಸಿದಾಗ ಈ ಅನುಕೂಲ ಇರಲಿಲ್ಲ, ಬಾಲವನ್ನೂ ಬೆರಳಲ್ಲೇ ಹಿಡಿಯಬೇಕಿತ್ತು. ಅವರನ್ನು ನೆನೆದಾಗಲೆಲ್ಲ ನನ್ನ ಗೋಳು ನನಗೇ ನಾಚಿಕೆ ತರಿಸುತ್ತದೆ.

ಇನ್ನು ಸಿಮ್ಯುಲೇಟರ್ ವಿಷಯ. ಅದು ವಿಡಿಯೊ ಗೇಮ್ ಅಲ್ವಾ ಅಂತ ಮೂಗು ಮುರಿಯುವವರಿದ್ದಾರೆ. ನಾನೂ ಮುರಿದಿದ್ದೆ. ರಿಯಲ್‌ಫ್ಲೈಟ್, ಅಕ್ಯುಆರ್‌ಸಿ, ಹೆಲಿ-ಎಕ್ಸ್, ಯಾವುದಾದರೂ ಆಗಬಹುದು, ಆದರೆ ಕೀಬೋರ್ಡಿನಲ್ಲಿ ಆಡಬೇಡಿ. ನಾಳೆ ಮೈದಾನದಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್ ಇಂದೇ ಕೈಯಲ್ಲಿರಬೇಕು. ಕಲಿಯಬೇಕಾದದ್ದು ಬೆರಳು, ತಲೆಯಲ್ಲ. ಸ್ಟಿಕ್ ಯಾವ ಮೋಡಿನಲ್ಲಿರಬೇಕು, ಅಂದರೆ ಯಾವ ಸ್ಟಿಕ್ಕಿಗೆ ಯಾವ ಕೆಲಸ, ಅನ್ನುವ ಜಗಳಕ್ಕೆ ಇಳಿಯಬೇಡಿ, ನಿಮಗೆ ಹೇಳಿಕೊಡುವವರು ಯಾವುದರಲ್ಲಿ ಹಾರಿಸುತ್ತಾರೋ ಅದರಲ್ಲೇ ಕಲಿಯಿರಿ. ಯಾರೂ ಇಲ್ಲದಿದ್ದರೆ ಮೋಡ್ 2. ಅದರಲ್ಲಿ ಎಡಗಡೆ ಸ್ಟಿಕ್ಕಿಗೆ ಏರಿಳಿತ ಮತ್ತು ಬಾಲ, ಬಲಗಡೆಗೆ ವಾಲಿಸುವುದು.

ಬಾಲ ನಮ್ಮ ಕಡೆಗಿದ್ದಾಗ ಹೋವರ್ ಬೇಗ ಬರುತ್ತದೆ. ದಿನಾ ಅರ್ಧ ಗಂಟೆ ಕೂತರೆ ಒಂದೆರಡು ವಾರದಲ್ಲಿ ಬಂದೀತು. ಎಲ್ಲರೂ ಅಲ್ಲಿಗೆ ಖುಷಿಯಾಗಿ ಹೆಲಿ ತಗೊಂಡು ಹೊರಗೆ ಓಡುತ್ತಾರೆ. ತಪ್ಪು ಆಗುವುದೇ ಅಲ್ಲಿ. ಗಾಳಿ ಬೀಸಿ ಹೆಲಿ ಅರ್ಧ ಸುತ್ತು ತಿರುಗಿ ಮೂಗು ನಿಮ್ಮ ಕಡೆ ಬಂತು ಅಂದುಕೊಳ್ಳಿ. ಈಗ ಎಡ ಅಂದರೆ ಬಲ, ಬಲ ಅಂದರೆ ಎಡ. ತಲೆಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಬೆರಳಿಗೆ ಗೊತ್ತಿರುವುದಿಲ್ಲ. ನಾನು ಸಿಮ್ಯುಲೇಟರಿನಲ್ಲಿ ಆರು ವಾರ ಬರೀ ಈ ಮೂಗೆದುರು ಹೋವರನ್ನೇ ಮಾಡಿದೆ. ಒಂದು ಉಪಾಯ ಉಪಯೋಗಕ್ಕೆ ಬಂತು: ಹೆಲಿ ಎದುರಿಗಿದ್ದಾಗ ಯಾವ ಕಡೆ ವಾಲುತ್ತದೋ ಆ ಕಡೆಗೇ ಸ್ಟಿಕ್ ಒತ್ತುವುದು, ಬೀಳುವ ಗೋಡೆಗೆ ಆನಿಕೆ ಕೊಟ್ಟ ಹಾಗೆ. ಮೊದಲು ಲೆಕ್ಕ ಹಾಕಿ ಮಾಡುತ್ತಿದ್ದೆ, ಬೀಳಿಸುತ್ತಿದ್ದೆ. ಒಂದು ರಾತ್ರಿ ಫೋನಿನಲ್ಲಿ ಮಾತಾಡುತ್ತಾ ಹಾರಿಸುತ್ತಿದ್ದೆ. ಫೋನ್ ಇಟ್ಟಾಗ ನೋಡಿದರೆ ಮೂಗು ನನ್ನ ಕಡೆಗೇ ಇತ್ತು, ಹೆಲಿ ಇನ್ನೂ ಗಾಳಿಯಲ್ಲೇ ಇತ್ತು. ಲೆಕ್ಕ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ನೂರಾರು ಹೆಲಿ ಮುರಿದಿದ್ದೆ. ಖರ್ಚು ಸೊನ್ನೆ.

ಆಮೇಲೆ ಹೆಲಿ ಕೊಳ್ಳಿ, ಅದೂ ಚಿಕ್ಕದು. ಒಂದರ ಮೇಲೊಂದು ಎರಡು ರೋಟರ್ ಇರುವ ಆಟಿಕೆಯಂಥದ್ದು ತಾನಾಗಿಯೇ ನಿಲ್ಲುತ್ತದೆ, ಕೋಣೆಯೊಳಗೆ ಮಜಾ ಕೊಡುತ್ತದೆ. ಎಡ ಬಲದ ಅಭ್ಯಾಸ ಬಿಟ್ಟರೆ ಅದರಿಂದ ಕಲಿಯುವುದು ಕಮ್ಮಿ. ಸಿಮ್ಯುಲೇಟರಿನಲ್ಲಿ ಕೂತವರಿಗೆ ಅದು ಬೇಡ. ಬ್ಲೇಡಿನ ಕೋನ ಬದಲಾಗುವ ಕಲೆಕ್ಟಿವ್ ಪಿಚ್ ಹೆಲಿಯೇ ಇರಲಿ, ಆದರೆ ಅಂಗೈಯಗಲದ್ದೋ ಅದಕ್ಕಿಂತ ಸ್ವಲ್ಪ ದೊಡ್ಡದೋ. ಹಗುರ ಇದ್ದಷ್ಟೂ ಬಿದ್ದಾಗ ಮುರಿಯುವುದು ಕಮ್ಮಿ. ಗುಂಡಿ ಒತ್ತಿದರೆ ತಾನೇ ನೆಟ್ಟಗಾಗುವ ರೆಸ್ಕ್ಯೂ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಬಳಸುವವರನ್ನು ಕಂಡು ಹಳಬರು ನಗುತ್ತಾರೆ. ನಗಲಿ ಬಿಡಿ, ಬಿಡಿಭಾಗದ ದುಡ್ಡು ಅವರೇನೂ ಕೊಡುವುದಿಲ್ಲ.

ಹೊಸಬರು ಹೆದರಿ ಹೆಲಿಯನ್ನು ಮೊಣಕಾಲಿನ ಕೆಳಗೇ ಇಟ್ಟುಕೊಳ್ಳುತ್ತಾರೆ. ಕಷ್ಟ ಇರುವುದು ಅಲ್ಲೇ! ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ವಾಪಸ್ ಬಂದು ಹೆಲಿಯನ್ನು ಕುಣಿಸುತ್ತದೆ. ರೋಟರಿನ ಅಗಲಕ್ಕಿಂತ ಮೇಲೆ ಹೋದರೆ ಎಷ್ಟೋ ಶಾಂತ.

ಭಯ ಬೇಕಾದದ್ದು ಬೇರೆ ಕಡೆ. 450 ಸೈಜಿನ ರೋಟರ್ ನಿಮಿಷಕ್ಕೆ 2800 ಸುತ್ತು ತಿರುಗಿದರೆ ಬ್ಲೇಡಿನ ತುದಿಯ ವೇಗ ಗಂಟೆಗೆ 350 ಕಿಲೋಮೀಟರ್ ದಾಟುತ್ತದೆ. ಅದು ಆಟಿಕೆ ಅಲ್ಲ, ತಿರುಗುವ ಕತ್ತಿ. ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ ಹೋಲ್ಡ್ ಅಂತ ಒಂದು ಸ್ವಿಚ್ ಇಡುತ್ತಾರೆ. ಅದನ್ನು ಹಾಕಿದರೆ ಮೋಟಾರು ತಿರುಗುವುದಿಲ್ಲ. ಒಮ್ಮೆ ನಾನು ಇಳಿಸಿದ ಹೆಲಿಯ ಪಕ್ಕ ಮಂಡಿಯೂರಿ ಬ್ಯಾಟರಿ ಕಳಚಲು ಕೈ ಚಾಚಿದೆ. ಕೊರಳಿಗೆ ಪಟ್ಟಿಯಲ್ಲಿ ನೇತಾಡುತ್ತಿದ್ದ ಟ್ರಾನ್ಸ್‌ಮಿಟರಿನ ಸ್ಟಿಕ್ಕು ನನ್ನದೇ ಮೊಣಕೈಗೆ ತಗುಲಿತು. ಹೋಲ್ಡ್ ಹಾಕಿರಲಿಲ್ಲ. ಬ್ಲೇಡುಗಳು ಮೆಲ್ಲಗೆ ತಿರುಗಲು ಶುರು ಮಾಡಿದವು, ನಾನು ಹಿಂದಕ್ಕೆ ಬಿದ್ದೆ. ನಿಧಾನಕ್ಕೆ ವೇಗ ಹಿಡಿಯುವ ಹಾಗೆ ಸೆಟ್ಟಿಂಗ್ ಇದ್ದದ್ದರಿಂದ ಇವತ್ತು ಹತ್ತು ಬೆರಳಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಈಗ ಹೆಲಿಯ ಹತ್ತಿರ ಹೋಗುವ ಮೊದಲು "ಹೋಲ್ಡ್" ಅಂತ ಬಾಯಿಬಿಟ್ಟು ಹೇಳುತ್ತೇನೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.

ಹೆಲಿಗೆ ಹಾಕುವ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೂ ಸ್ವಲ್ಪ ಮರ್ಯಾದೆ ಕೊಡಿ. ಒಂದು ಸೆಲ್ಲಿಗೆ 4.2 ವೋಲ್ಟ್ ಬಂದರೆ ತುಂಬಿತು ಅಂತ ಲೆಕ್ಕ. ಹಾರಿಸದೆ ಇಡುವುದಾದರೆ 3.8ರ ಆಸುಪಾಸಿನಲ್ಲಿ ಇಡಿ. ಪೂರ್ತಿ ಖಾಲಿ ಆಗುವವರೆಗೆ ಹಾರಿಸಬೇಡಿ, 80 ಪರ್ಸೆಂಟ್ ಬಳಸಿದ ಮೇಲೆ ಇಳಿಯುವಂತೆ ಟೈಮರ್ ಇಟ್ಟುಕೊಳ್ಳಿ. ಊದಿದ ಬ್ಯಾಟರಿಯ ಮೇಲೆ ಪ್ರೀತಿ ಬೇಡ. ಚಾರ್ಜಿಗೆ ಹಾಕಿ ಮಲಗಲೂ ಬೇಡಿ, ಇದು ಬೆಂಕಿಯ ವಿಷಯ.

ಆ ಮೊದಲ 450 ಇನ್ನೂ ನನ್ನ ಹತ್ತಿರ ಇದೆ. ಮುರಿದದ್ದೆಲ್ಲ ಬದಲಾಯಿಸಿ, ಒಂದು ವರ್ಷ ಬಿಟ್ಟು ಮತ್ತೆ ಹಾರಿಸಿದೆ. ಮೂಗೆದುರು ಹೋವರ್ ಈಗ ಬರುತ್ತದೆ. ಎಡಕ್ಕೆ ಸುತ್ತುವಾಗ ಕೈ ಹಗುರ, ಬಲಕ್ಕೆ ಸುತ್ತುವಾಗ ಇವತ್ತಿಗೂ ಅಂಗೈ ಬೆವರುತ್ತದೆ. ಹಾಗಾಗಿ ಈ ವಾರ ಪೂರ್ತಿ ಬರೀ ಬಲಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಸಿಮ್ಯುಲೇಟರಿನಲ್ಲೇ.