ಪೂರ್ತಿ ಬರ್ಬೇಕು ಕಣೇ!

ಜರ್ಮನಿಯ ಮಗಳ ಮನೆಯಲ್ಲಿದ್ದೇವೆ. ನಾಲ್ಕು ದಿನದಿಂದ ನಾನು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೇನೆ. ಮಂಡಿ ನೋವಿಗೆ ಕಾರಣ ಯಾರು ಅಂದರೆ, ಗಂಡನ ಹೆಸರು ಹೇಳಬಾರದು ಅಂತಾರೆ.

ಇವರಿಗೊಂದು ಚಟ. ದೇವಸ್ಥಾನವಾಗಲಿ, ತೆಂಗಿನ ಮರವಾಗಲಿ, ಫೋಟೋದಲ್ಲಿ ಬುಡದಿಂದ ತುದಿವರೆಗೆ 'ಪೂರ್ತಿ ಬರ್ಬೇಕು'. ಪಕ್ಕದಲ್ಲಿ ನಾನಿರಬೇಕು, ಅಳತೆಗೆ. ಕಲೋನ್ ಊರಿನ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚಿನ ಗೋಪುರ 157 ಮೀಟರ್. ರೈಲು ನಿಲ್ದಾಣದಿಂದ ಹೊರಬಿದ್ದರೆ ಮೂಗಿಗೇ ತಗಲುತ್ತದೆ. ಇವರು ಹಿಂದೆ ಹೋದರು. ಇನ್ನೂ ಹಿಂದೆ ಹೋದರು. ಒಬ್ಬ ಸೈಕಲ್ಲಿನವನು ಬೈದ. ಕುಕ್ಕರಗಾಲಲ್ಲಿ ಕೂತರು. ಕೊನೆಗೆ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿಯೇಬಿಟ್ಟರು! ಟೋಪಿ ಪಕ್ಕಕ್ಕೆ ಉರುಳಿ ಬಿತ್ತು, ಬಾಯಿ ಮೇಲಾಗಿ. ನಾನು ಇವರು ಯಾರೋ ಅನ್ನೋ ಹಾಗೆ ಆಕಾಶ ನೋಡುತ್ತ ನಿಂತೆ. ಒಬ್ಬ ಅಜ್ಜಿ ಬಂದು, ಮರುಗಿ, ಟೋಪಿಗೆ 50 ಸೆಂಟಿನ ನಾಣ್ಯ ಹಾಕಿ ಹೋದರು. ಇವರು ಮಲಗಿದಲ್ಲಿಂದಲೇ 'ಡಾಂಕೆ' ಅಂದರು, ಅಂದರೆ ಥ್ಯಾಂಕ್ಸ್. ಇಲ್ಲಿಗೆ ಬಂದು ಕಲಿತಿದ್ದು ಅದೊಂದೇ ಪದ. ಫೋಟೋದಲ್ಲಿ ಗೋಪುರ ಪೂರ್ತಿ ಬಂದಿದೆ. ನನ್ನದು ಗಲ್ಲ ಮತ್ತು ಮೂಗಿನ ಹೊಳ್ಳೆ ಮಾತ್ರ.

"ಶುರುವಾಗಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ" ಅಂದಳು ಮಗಳು. ನಡುವೆ ಶತಮಾನಗಟ್ಟಲೆ ಕೆಲಸ ನಿಂತು, ಅರ್ಧ ಗೋಪುರದ ಮೇಲೆ ಮರದ ಕ್ರೇನು ಹಾಗೇ ಉಳಿದಿತ್ತಂತೆ. "ಎಂಥ ತಾಳ್ಮೆ!" ಅಂತ ಇವರು ಕೈಮುಗಿದರು. ಮನೆ ಕಟ್ಟಿಸುವಾಗ ಸಜ್ಜಾ ಎರಡು ವಾರ ತಡವಾಯಿತೆಂದು ಮೇಸ್ತ್ರಿ ಜೊತೆ ಮಾತು ಬಿಟ್ಟ ಮಹಾನುಭಾವರು!

ಒಳಗೆ ಮಾತ್ರ ಇಬ್ಬರೂ ಸುಮ್ಮನಾದೆವು. ಮೊದಲ ಕಲ್ಲಿಟ್ಟವನಿಗೆ ತಾನು ತುದಿ ನೋಡಲ್ಲ ಅಂತ ಗೊತ್ತಿತ್ತು, ಅಲ್ವಾ? ಆದರೂ ದಿನಾ ಬುತ್ತಿ ಕಟ್ಟಿಕೊಂಡು ಬಂದಿರಬೇಕು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಹಲಸಿನ ಸಸಿ ನೆಟ್ಟ ನಮ್ಮತ್ತೆ ಸುಮ್ನೆ ನೆನಪಾದರು. ಅಜ್ಜಿಯ 50 ಸೆಂಟನ್ನು ಡಬ್ಬಿಗೆ ಹಾಕಿ, ಮೇಣದಬತ್ತಿ ಹಚ್ಚಿದೆ.

ಅಷ್ಟಕ್ಕೇ ಹೊರಟಿದ್ದರೆ ಮಂಡಿ ಉಳಿಯುತ್ತಿತ್ತು. "ಗೋಪುರ ಹತ್ತೋಣ" ಅಂದರು. 533 ಮೆಟ್ಟಿಲು. ಲಿಫ್ಟಿಲ್ಲ. ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ಹತ್ತಬೇಕು.

"ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳಲ್ವೇನೇ ನೀನು?"

"ಹತ್ತಿದ್ದೆ ರೀ, ಮದುವೆಗೆ ಮೊದಲು!"

ಏದುಸಿರು ಬಿಡುತ್ತ ಮೇಲೆ ತಲುಪಿದೆವು. ಸುತ್ತ ತಂತಿ ಜಾಲರಿ, ಕೆಳಗೆ ರೈನ್ ನದಿ. ಇವರು ಫೋನ್ ತೆಗೆದು ಆ ಕಡೆ ಈ ಕಡೆ ತಿರುಗಿಸಿದರು. ಮುಖ ಸಣ್ಣದಾಯಿತು.

"ಥೂ, ಇಲ್ಲಿಂದ ಚರ್ಚೇ ಬರಲ್ಲ ಕಣೇ."